ಪ್ರಗತಿ ಸೆಮಿನಾರಿನಲ್ಲಿ ಸಂಶೋಧನೆಯನ್ನು ಮಂಡಿಸುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಸಂಶೋಧನಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರಗತಿ ಸೆಮಿನಾರಿನಲ್ಲಿ ಕುಳಿತ ಸಮಿತಿಗೆ ನಿಮ್ಮಿಂದ ತಿಳಿಯಬೇಕಾದದ್ದು ಹೆಚ್ಚೇನಿಲ್ಲ. ಕಳೆದ ಸಭೆಯ ನಂತರ ಕೆಲಸ ಎಷ್ಟು ಮುಂದೆ ಹೋಗಿದೆ, ಎಲ್ಲಿ ನಿಂತಿದೆ, ನಿಂತದ್ದು ಮತ್ತೆ ಸಾಗಲು ಸಮಿತಿಯಿಂದ ಏನಾಗಬೇಕು ಎಂಬಿಷ್ಟೇ. ಆದರೂ ನಮ್ಮ ಭಾಗದ ಅನೇಕ ಸಂಶೋಧನಾರ್ಥಿಗಳು ಕೊಟ್ಟ ಇಪ್ಪತ್ತು ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿಷಯದ ಮಹತ್ವ, ಜಿಲ್ಲೆಯ ಭೌಗೋಳಿಕ ಹಿನ್ನೆಲೆ, ಪೂರ್ವ ಅಧ್ಯಯನಗಳ ಪಟ್ಟಿಗೆ ಕೊಟ್ಟುಬಿಡುತ್ತಾರೆ. ಬಿಸಿಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ತಂದ ಸ್ವಂತ ದತ್ತಾಂಶದ ಸರದಿ ಬರುವ ಹೊತ್ತಿಗೆ ಅಧ್ಯಕ್ಷರು ‘ಬೇಗ ಮುಗಿಸಿ’ ಎನ್ನುತ್ತಾರೆ. ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಕೆಲಸ ಆಗಿರುತ್ತದೆ, ಆದರೆ ಕೋಣೆಯಲ್ಲಿದ್ದ ಯಾರಿಗೂ ಅದು ಕಂಡಿರುವುದಿಲ್ಲ.

ಇದಕ್ಕೆ ಒಂದು ಕಾರಣ ನಮ್ಮ ವಿಶ್ವವಿದ್ಯಾಲಯಗಳ ವಯಸ್ಸು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾದದ್ದು 2010ರಲ್ಲಿ, ರಾಯಚೂರು ವಿಶ್ವವಿದ್ಯಾಲಯ 2021ರಲ್ಲಿ, ಕೊಪ್ಪಳ ವಿಶ್ವವಿದ್ಯಾಲಯ 2023ರಲ್ಲಿ. ಹಳೆಯ ವಿಶ್ವವಿದ್ಯಾಲಯಗಳಲ್ಲಿ ಕಿರಿಯರು ಹಿರಿಯರ ಸೆಮಿನಾರುಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೇ ಅರ್ಧ ಕಲಿತಿರುತ್ತಾರೆ. ನಮ್ಮಲ್ಲಿ ಎಷ್ಟೋ ವಿಭಾಗಗಳಲ್ಲಿ ಹಾಗೆ ನೋಡಿ ಕಲಿಯಲು ಹಿರಿಯರೇ ಕಡಿಮೆ. ಆದ್ದರಿಂದ ಮೊದಲ ಸಲಹೆ: ನಿಮ್ಮ ಸರದಿ ಬರುವ ಮುನ್ನ ಬೇರೆಯವರ ಸೆಮಿನಾರುಗಳನ್ನು ಹೋಗಿ ಕೇಳಿ. ರಾಯಚೂರಿನವರಿಗೆ ಕೃಷಿ ವಿಶ್ವವಿದ್ಯಾಲಯ ಊರಿನಲ್ಲೇ ಇದೆ. ಬಳ್ಳಾರಿ, ಕೊಪ್ಪಳದವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ದೂರವಲ್ಲ. ಅನುಮತಿ ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಮಂಡಿಸುವವರಿಗಿಂತ ಸಮಿತಿಯವರನ್ನು ಹೆಚ್ಚು ಗಮನಿಸಿ. ಅವರು ಯಾವ ಸ್ಲೈಡಿಗೆ ತಲೆ ಎತ್ತುತ್ತಾರೆ, ಯಾವುದಕ್ಕೆ ಮೊಬೈಲ್ ನೋಡುತ್ತಾರೆ ಎಂಬುದೇ ಒಳ್ಳೆಯ ಪಾಠ.

ಯಾವ ಸೆಮಿನಾರು ಎಂಬುದನ್ನು ಖಚಿತಪಡಿಸಿಕೊಳ್ಳಿ

ಎಲ್ಲ ಸೆಮಿನಾರುಗಳೂ ಒಂದೇ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಪಿಎಚ್‌.ಡಿ. ನಿಯಮಾವಳಿಯ ಪ್ರಕಾರ ಸಂಶೋಧನಾರ್ಥಿ ಪ್ರತಿ ಸೆಮಿಸ್ಟರಿನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗಿ ತನ್ನ ಕೆಲಸವನ್ನು ಮಂಡಿಸಬೇಕು, ಸಂಕ್ಷಿಪ್ತ ವರದಿಯನ್ನೂ ಕೊಡಬೇಕು. ಇದೇ ಪ್ರಗತಿ ಸೆಮಿನಾರು. ಪ್ರಗತಿ ತೃಪ್ತಿಕರವಾಗಿಲ್ಲದಿದ್ದರೆ ಸಮಿತಿ ಕಾರಣಗಳನ್ನು ದಾಖಲಿಸಿ ತಿದ್ದುಪಡಿ ಸೂಚಿಸುತ್ತದೆ. ಅದನ್ನೂ ಪಾಲಿಸದಿದ್ದರೆ ನೋಂದಣಿ ರದ್ದುಪಡಿಸಲು ಶಿಫಾರಸು ಮಾಡಬಹುದು. ಕೋರ್ಸ್ ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂಬ ಮಿತಿ ಇರುವುದರಿಂದ ಪ್ರತಿ ಸಭೆಯೂ ಲೆಕ್ಕಕ್ಕೆ ಬರುತ್ತದೆ. ಮಹಾಪ್ರಬಂಧ ಸಲ್ಲಿಸುವ ಮುನ್ನ ನಡೆಯುವ ಪೂರ್ವ ಸಲ್ಲಿಕೆ ಸೆಮಿನಾರು ಬೇರೆಯದೇ. ಅಲ್ಲಿ ವಿಭಾಗದ ಅಧ್ಯಾಪಕರು, ಇತರ ಸಂಶೋಧನಾರ್ಥಿಗಳು ಎಲ್ಲರೂ ಇರುತ್ತಾರೆ, ಇಡೀ ಪ್ರಬಂಧದ ವಾದವನ್ನು ಅವರ ಮುಂದೆ ನಿಲ್ಲಿಸಬೇಕು.

ಕೃಷಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸೆಮಿನಾರು ಎಂಬುದು ಒಂದು ಕ್ರೆಡಿಟಿನ ಪಠ್ಯಭಾಗ. ಪ್ರಬಂಧ ಸಂಶೋಧನೆಗೆ 30 ಕ್ರೆಡಿಟ್ ಪ್ರತ್ಯೇಕವಾಗಿದೆ. ಇವೆರಡನ್ನೂ ಕಲಸಬೇಡಿ. ಕ್ರೆಡಿಟ್ ಸೆಮಿನಾರಿನಲ್ಲಿ ಒಂದು ವಿಷಯದ ಕುರಿತು ಇತರರ ಅಧ್ಯಯನಗಳನ್ನು ಸಂಗ್ರಹಿಸಿ ಹೇಳುವುದು ಸರಿ. ಪ್ರಗತಿ ಸಭೆಯಲ್ಲಿ ಅದನ್ನೇ ಮಾಡಿದರೆ ‘ನೀವು ಏನು ಮಾಡಿದಿರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮೂರು ವಾರ ಮೊದಲು: ಹಳೆಯ ನಡಾವಳಿ ತೆಗೆಯಿರಿ

ಸ್ಲೈಡ್ ಮಾಡಲು ಕೂರಬೇಡಿ. ಕಳೆದ ಸಭೆಯ ನಡಾವಳಿಯ ಪ್ರತಿ ತೆಗೆದುಕೊಂಡು ಕೂರಿ. ಅದರಲ್ಲಿ ಸಮಿತಿ ಕೊಟ್ಟ ಒಂದೊಂದು ಸಲಹೆಯನ್ನೂ ಬರೆದು, ಅದರ ಎದುರು ಏನು ಮಾಡಿದಿರಿ, ಮಾಡಿಲ್ಲವಾದರೆ ಏಕೆ ಎಂದು ಬರೆಯಿರಿ. ಈ ಮೂರು ಅಂಕಣಗಳ ಕೋಷ್ಟಕವೇ ನಿಮ್ಮ ಎರಡನೆಯ ಸ್ಲೈಡ್. ಇಡೀ ಮಂಡನೆಯಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡುವ ಸ್ಲೈಡ್ ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆರು ತಿಂಗಳ ಹಿಂದೆ ಹೇಳಿದ ಮಾತನ್ನು ಸದಸ್ಯರು ಮರೆತಿರುತ್ತಾರೆ. ನೀವು ಮರೆತಿಲ್ಲ ಎಂದು ಕಂಡ ಕೂಡಲೇ ಕೋಣೆಯ ಧಾಟಿ ಬದಲಾಗುತ್ತದೆ, ಅದೇ ಹಳೆಯ ಪ್ರಶ್ನೆ ಮತ್ತೆ ಏಳುವುದಿಲ್ಲ.

ಒಂದು ಸಲಹೆಯನ್ನು ನೀವು ಪಾಲಿಸಿಲ್ಲ, ಏಕೆಂದರೆ ಅದು ನಿಮ್ಮ ಅಧ್ಯಯನಕ್ಕೆ ಹೊಂದುವುದಿಲ್ಲ ಎಂದಿಟ್ಟುಕೊಳ್ಳಿ. ಅದನ್ನು ಕೋಷ್ಟಕದಿಂದ ಬಿಟ್ಟುಬಿಡಬೇಡಿ. ‘ಪಾಲಿಸಿಲ್ಲ’ ಎಂದು ಬರೆದು ಎರಡು ಸಾಲಿನಲ್ಲಿ ಕಾರಣ ಕೊಡಿ. ಮಾರ್ಗದರ್ಶಕರಿಗೆ ಆ ಕಾರಣವನ್ನು ಮೊದಲೇ ತಿಳಿಸಿರಿ, ಸಭೆಯಲ್ಲಿ ಅವರೂ ಹೊಸದಾಗಿ ಕೇಳುವಂತಾಗಬಾರದು.

ಸಂಶೋಧನಾ ಪ್ರಶ್ನೆ ಒಂದೇ ವಾಕ್ಯದಲ್ಲಿ

ನಮ್ಮಲ್ಲಿ ಶೀರ್ಷಿಕೆಗಳು ಉದ್ದ. ‘ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು ಪ್ರದೇಶದಲ್ಲಿ ಮಣ್ಣಿನ ಲವಣಾಂಶ ಮತ್ತು ಭತ್ತದ ಇಳುವರಿ: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆ ಓದುವಷ್ಟರಲ್ಲಿ ಕೇಳುಗ ಎಲ್ಲೋ ಹೋಗಿರುತ್ತಾನೆ. ಶೀರ್ಷಿಕೆ ಸ್ಲೈಡಿನಲ್ಲಿರಲಿ, ಬಾಯಿಂದ ಪ್ರಶ್ನೆ ಬರಲಿ: ‘ಕಾಲುವೆಯ ಕೊನೆಯ ಭಾಗದ ಹೊಲಗಳಲ್ಲಿ ಉಪ್ಪು ಮೇಲ್ಭಾಗಕ್ಕಿಂತ ಹೆಚ್ಚಿದೆಯೇ, ಇದ್ದರೆ ಇಳುವರಿಯಲ್ಲಿ ಅದು ಕಾಣುತ್ತದೆಯೇ?’ ಇಷ್ಟು ಹೇಳಿದರೆ ಇಂಗ್ಲಿಷ್ ವಿಭಾಗದಿಂದ ಬಂದ ಸದಸ್ಯರಿಗೂ ಅರ್ಥವಾಗುತ್ತದೆ.

ಸಾಹಿತ್ಯ, ಇತಿಹಾಸ, ಜಾನಪದದವರೂ ಇದನ್ನು ಮಾಡಬಹುದು, ಮಾಡಲೇಬೇಕು. ‘ರಾಯಚೂರು ಜಿಲ್ಲೆಯ ದಾಸ ಸಾಹಿತ್ಯ’ ಎಂಬುದು ವಿಷಯ, ಪ್ರಶ್ನೆಯಲ್ಲ. ‘ಮಾನ್ವಿ, ಚೀಕಲಪರ್ವಿಯ ಸುತ್ತಲಿನ ಭಜನಾ ಮಂಡಳಿಗಳು ಇಂದು ಹಾಡುವ ದಾಸರ ಪದಗಳು ಮುದ್ರಿತ ಪಾಠದಿಂದ ಎಲ್ಲಿ ಬೇರೆಯಾಗುತ್ತವೆ, ಏಕೆ?’ ಎಂಬುದು ಪ್ರಶ್ನೆ. ಪ್ರಶ್ನೆ ಹೀಗಿದ್ದರೆ ಪ್ರಗತಿಯನ್ನು ಅಳೆಯುವುದೂ ಸಾಧ್ಯ: ಎಷ್ಟು ಮಂಡಳಿಗಳ ಹಾಡನ್ನು ಧ್ವನಿಮುದ್ರಿಸಿದಿರಿ, ಎಷ್ಟನ್ನು ಬರಹಕ್ಕಿಳಿಸಿದಿರಿ, ಎಷ್ಟು ಪಾಠಾಂತರ ಸಿಕ್ಕವು.

ಪ್ರಗತಿಯ ಸ್ಲೈಡ್: ಇಲ್ಲಿ ಸಮಯ ಕೊಡಿ

ಇಪ್ಪತ್ತು ನಿಮಿಷಕ್ಕೆ ಹನ್ನೆರಡು ಸ್ಲೈಡ್ ಧಾರಾಳವಾಯಿತು. ಮೊದಲ ಮೂರಕ್ಕೆ ನಾಲ್ಕು ನಿಮಿಷ ಮೀರಬೇಡಿ. ಪೂರ್ವ ಅಧ್ಯಯನಗಳಿಗೆ ಒಂದೇ ಸ್ಲೈಡ್, ಅದೂ ಕಳೆದ ಸಭೆಯ ನಂತರ ಓದಿದ ಮತ್ತು ನಿಮ್ಮ ವಿಧಾನವನ್ನು ಬದಲಿಸಿದ ಅಧ್ಯಯನಗಳಿಗೆ ಮಾತ್ರ. ಉಳಿದ ಹೊತ್ತು ನಿಮ್ಮ ಕೆಲಸದ್ದು.

ಸಾಮಾನ್ಯವಾಗಿ ಕಾಣುವ ಸ್ಲೈಡ್ ಹೀಗಿರುತ್ತದೆ: ‘ಸಿಂಧನೂರು ತಾಲ್ಲೂಕಿನ ಆಯ್ದ ಗ್ರಾಮಗಳಲ್ಲಿ ಮಣ್ಣಿನ ಮಾದರಿಗಳ ಸಂಗ್ರಹಣಾ ಕಾರ್ಯವು ಪ್ರಗತಿಯಲ್ಲಿದ್ದು, ಪ್ರಯೋಗಾಲಯದ ವಿಶ್ಲೇಷಣೆಯನ್ನು ಕೈಗೊಳ್ಳಲಾಗುತ್ತಿದೆ.’ ಇದರಲ್ಲಿ ತಪ್ಪಿಲ್ಲ, ಮಾಹಿತಿಯೂ ಇಲ್ಲ. ಅದನ್ನೇ ಹೀಗೆ ಬರೆದು ನೋಡಿ:

ಯೋಜನೆ: 6 ಹಳ್ಳಿ, 60 ಮಾದರಿ.
ಈವರೆಗೆ: 4 ಹಳ್ಳಿ, 42 ಮಾದರಿ. ವಿಶ್ಲೇಷಣೆ ಮುಗಿದದ್ದು 30.
ಉಳಿದ 2 ಹಳ್ಳಿ: ಗದ್ದೆಯಲ್ಲಿ ನೀರು ನಿಂತಿದೆ, ಕೊಯ್ಲಿನ ನಂತರ ಡಿಸೆಂಬರಿನಲ್ಲಿ ಸಂಗ್ರಹ.
ಬದಲಾವಣೆ: ಮೇಲ್ಮಣ್ಣಿನ ಜೊತೆಗೆ 15ರಿಂದ 30 ಸೆಂಟಿಮೀಟರ್ ಆಳದ ಮಾದರಿಯನ್ನೂ ಸೇರಿಸಿದೆ.

ಇದನ್ನು ನೋಡಿದ ಸದಸ್ಯರು ಏನನ್ನೂ ಊಹಿಸಬೇಕಿಲ್ಲ. ನಾಲ್ಕನೆಯ ಸಾಲಿನ ಮೇಲೆ ಚರ್ಚೆ ಆರಂಭವಾಗುತ್ತದೆ, ಆಗಬೇಕಾದದ್ದೂ ಅಲ್ಲಿಯೇ.

ಅಂಕಿಗಳನ್ನು ತೋರಿಸುವಾಗ ಅವು ಹೇಗೆ ಬಂದವು ಎಂಬುದನ್ನೂ ಅದೇ ಸ್ಲೈಡಿನಲ್ಲಿ ಬರೆಯಿರಿ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಣ್ಣಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. 4 ಡೆಸಿಸೀಮೆನ್ಸ್ ಪ್ರತಿ ಮೀಟರ್‌ಗಿಂತ ಹೆಚ್ಚಿದ್ದರೆ ಲವಣಯುಕ್ತ ಎಂಬ ಮಿತಿ ಸಂತೃಪ್ತ, ಅಂದರೆ ನೀರಿನಿಂದ ಪೂರ್ತಿ ತೊಯ್ದ ಮಣ್ಣಿನಿಂದ ತೆಗೆದ ದ್ರಾವಣಕ್ಕೆ ಸಂಬಂಧಿಸಿದ್ದು. ನಮ್ಮ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಮಾಡುವ 1:2.5 ಮಣ್ಣು-ನೀರಿನ ಅನುಪಾತದಲ್ಲಿ ಅದೇ ಮಣ್ಣು ಬಹಳ ಕಡಿಮೆ ಮೌಲ್ಯ ತೋರಿಸುತ್ತದೆ. ಅನುಪಾತವನ್ನು ಬರೆಯದೆ ‘ಎಲ್ಲ ಮಾದರಿಗಳೂ 4ಕ್ಕಿಂತ ಕಡಿಮೆ, ಆದ್ದರಿಂದ ಸಮಸ್ಯೆ ಇಲ್ಲ’ ಎಂದರೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣಿನ ಮೇಲೆ ಕೆಲಸ ಮಾಡಿದವರೊಬ್ಬರು ಸಮಿತಿಯಲ್ಲಿದ್ದರೆ ಮಂಡನೆ ಅಲ್ಲಿಗೇ ನಿಂತಂತೆ. ಒಂದೇ ಸಾಲಿನ ಟಿಪ್ಪಣಿ ಇದನ್ನು ತಪ್ಪಿಸುತ್ತದೆ.

ಸಮೀಕ್ಷೆ ಮಾಡುವವರಿಗೆ ಇದೇ ಜಾಗದಲ್ಲಿ ಬರುವ ಪ್ರಶ್ನೆ ಆಯ್ಕೆಯದು. ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲಸಗಾರರ ಕುರಿತು ಅಧ್ಯಯನ ಮಾಡುವವರು ನೂರಿಪ್ಪತ್ತು ಮಂದಿಯನ್ನು ಮಾತನಾಡಿಸಿದೆ ಎಂದರೆ ಸಾಲದು. ಘಟಕಗಳಲ್ಲಿ ಕೂತು ಹೊಲಿಯುವವರು ಎಷ್ಟು, ಮನೆಯಲ್ಲಿ ತುಂಡು ಲೆಕ್ಕದ ಮೇಲೆ ಹೊಲಿಯುವ ಹೆಂಗಸರು ಎಷ್ಟು, ಅವರನ್ನು ಯಾರ ಮೂಲಕ ತಲುಪಿದಿರಿ? ಮಾಲೀಕರ ಮೂಲಕ ತಲುಪಿದ್ದರೆ ಕೂಲಿಯ ಬಗ್ಗೆ ಕೆಲಸಗಾರರು ಕೊಟ್ಟ ಉತ್ತರವನ್ನು ಎಷ್ಟು ನಂಬಬಹುದು? ಇದನ್ನು ಸಮಿತಿ ಕೇಳುವ ಮುನ್ನ ನೀವೇ ಹೇಳಿ.

ಜಿಲ್ಲೆಯ ಅಂಕಿ-ಅಂಶಗಳಲ್ಲಿ ಅಡಗಿರುವ ಗುಂಡಿ

ಇದು ನಮ್ಮ ಮೂರು ಜಿಲ್ಲೆಗಳಿಗೇ ವಿಶೇಷವಾದ ಸಂಗತಿ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದು 1997ರಲ್ಲಿ. ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಹೊರಹೋದದ್ದು 2021ರಲ್ಲಿ. ಹರಪನಹಳ್ಳಿ ದಾವಣಗೆರೆಯಿಂದ ಬಳ್ಳಾರಿಗೆ ಮರಳಿ, ನಂತರ ವಿಜಯನಗರಕ್ಕೆ ಸೇರಿತು. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು, ಕಂಪ್ಲಿ, ಕುರುಗೋಡು ಹೊಸ ತಾಲ್ಲೂಕುಗಳು. ಈ ಗಡಿಗಳನ್ನು ಮರೆತು ಮೂವತ್ತು ವರ್ಷದ ಅಂಕಿಗಳ ಗ್ರಾಫ್ ರೇಖೆ ಎಳೆದರೆ 2021ರಲ್ಲಿ ಬಳ್ಳಾರಿಯ ಸಾಗುವಳಿ ಕ್ಷೇತ್ರವೋ ಶಾಲೆಗಳ ಸಂಖ್ಯೆಯೋ ದಿಢೀರನೆ ಕುಸಿದಂತೆ ಕಾಣುತ್ತದೆ. ಕುಸಿದದ್ದು ಏನೂ ಇಲ್ಲ, ತಾಲ್ಲೂಕುಗಳು ಆಚೆ ಹೋಗಿವೆ ಅಷ್ಟೆ. ಅರ್ಥಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರದವರು ತಾಲ್ಲೂಕು ಮಟ್ಟದ ಅಂಕಿಗಳನ್ನು ತೆಗೆದುಕೊಂಡು ಇಂದಿನ ಗಡಿಗೆ ಹೊಂದಿಸಬೇಕು, ಇಲ್ಲವೇ ರೇಖೆಯನ್ನು ಆ ವರ್ಷದಲ್ಲಿ ಕತ್ತರಿಸಿ ತೋರಿಸಬೇಕು.

ಅದೇ ರೀತಿ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಕಾಲುವೆ ನೀರು, ಬೆಳೆ ಪದ್ಧತಿ, ರೈತರ ನಿರ್ಧಾರಗಳ ಮೇಲೆ ಕೆಲಸ ಮಾಡುವವರು ಆ ವರ್ಷವನ್ನು ಇತರ ವರ್ಷಗಳ ಸಾಲಿನಲ್ಲಿ ಸುಮ್ಮನೆ ಕೂರಿಸಬಾರದು. ಪಕ್ಕದಲ್ಲಿ ವಿವರಣೆ ಬೇಕು.

ನಿಂತಿರುವ ಕೆಲಸವನ್ನು ಮುಚ್ಚಿಡಬೇಡಿ

ಸಮಿತಿ ಇರುವುದೇ ಇದಕ್ಕೆ. ದಫ್ತರಖಾನೆಯಲ್ಲಿ ಕಡತ ಸಿಗುತ್ತಿಲ್ಲ, ಗಣಿ ಪ್ರದೇಶಕ್ಕೆ ಪ್ರವೇಶ ಸಿಗುತ್ತಿಲ್ಲ, ಉಪಕರಣ ಕೆಟ್ಟಿದೆ, ಮಾತನಾಡುತ್ತೇನೆಂದ ಮಾಹಿತಿದಾರರು ಗುಳೆ ಹೋಗಿದ್ದಾರೆ. ಇವೆಲ್ಲ ಸಂಶೋಧನೆಯ ಭಾಗ. ಸಂಡೂರಿನ ಗಣಿ ಕಾರ್ಮಿಕರ ಬಗ್ಗೆ ಅಧ್ಯಯನ ಮಾಡುವವರಿಗೆ ಒಂದು ಪತ್ರ ಬೇಕಿದ್ದರೆ ವಿಭಾಗದ ಮುಖ್ಯಸ್ಥರು ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಆದರೆ ಕೇಳಬೇಕು, ಕೇಳುವುದನ್ನು ಸ್ಲೈಡಿನಲ್ಲಿ ಬರೆದಿಡಬೇಕು.

ಅಡಚಣೆಯ ಸ್ಲೈಡಿನಲ್ಲಿ ಎರಡಕ್ಕಿಂತ ಹೆಚ್ಚು ಸಂಗತಿ ಬೇಡ. ಪ್ರತಿಯೊಂದಕ್ಕೂ ನಿಮ್ಮದೇ ಒಂದು ಪರಿಹಾರ ಇರಲಿ. ‘ಗುಳೆ ಹೋದವರು ಯುಗಾದಿಗೆ ಊರಿಗೆ ಬರುತ್ತಾರೆ. ಆ ವಾರ ಸಂದರ್ಶನ ಮಾಡಲು ಕ್ಷೇತ್ರಕಾರ್ಯವನ್ನು ಮುಂದೂಡಬಹುದೇ?’ ಎಂದು ಕೇಳಿದರೆ ಸಮಿತಿ ಹೌದು ಅಥವಾ ಇಲ್ಲ ಎನ್ನುತ್ತದೆ. ‘ಮಾಹಿತಿದಾರರು ಸಿಗುತ್ತಿಲ್ಲ’ ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಸಭೆ ಮುಗಿಯುತ್ತದೆ. ಶೀರ್ಷಿಕೆ ಅಥವಾ ವ್ಯಾಪ್ತಿ ಬದಲಾಗಬೇಕಿದ್ದರೂ ಕೇಳುವ ಜಾಗ ಇದೇ. ಸಲ್ಲಿಕೆಯ ಹೊತ್ತಿಗೆ ಕೇಳಿದರೆ ತಡವಾಗಿರುತ್ತದೆ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ

‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿ ತಂದ ಸ್ಲೈಡುಗಳು ಸೆಮಿನಾರು ಕೋಣೆಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುವುದನ್ನು ಕನ್ನಡ ವಿಭಾಗದ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ, ಅಷ್ಟೇ ಕಾರಣ. ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಅಪರೂಪದ ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಾಡಿಸಿ ತಿದ್ದಿ. ಕೊನೆಗೆ ಪಿಡಿಎಫ್ ಮಾಡಿಟ್ಟುಕೊಂಡರೆ ಯಾವ ಯಂತ್ರದಲ್ಲೂ ಅಕ್ಷರ ಕೆಡುವುದಿಲ್ಲ.

ಗಾತ್ರದ ವಿಷಯದಲ್ಲಿ ಇಂಗ್ಲಿಷಿನ ಅಳತೆ ನಮಗೆ ಸಾಲದು. ‘ಸಾಂಸ್ಕೃತಿಕ’, ‘ರಾಷ್ಟ್ರೀಯ’ ಎಂಬಂಥ ಮಾತುಗಳಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗವಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ 28 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲಿನ ಅಂತರ ಒಂದೂವರೆಯಾದರೂ ಇರಲಿ, ಒಂದು ಸ್ಲೈಡಿಗೆ ಆರು ಸಾಲು ಸಾಕು. ನಮ್ಮ ಕಟ್ಟಡಗಳ ಕಿಟಕಿಗಳಿಂದ ನುಗ್ಗುವ ಬಿಸಿಲಿನಲ್ಲಿ ತಿಳಿ ಬಣ್ಣಗಳು ಕಾಣುವುದಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರವೇ ಕ್ಷೇಮ.

ಸಮಿತಿಯ ಪ್ರತಿ ಸದಸ್ಯರಿಗೂ ಮುಖ್ಯ ಕೋಷ್ಟಕಗಳ ಮುದ್ರಿತ ಪ್ರತಿ ಇರಲಿ. ಕರೆಂಟು ಹೋದರೂ ಮಂಡನೆ ಮುಂದುವರಿಯುತ್ತದೆ.

ಯಾರ ಹೆಸರು, ಯಾವ ಜಾಗ ತೋರಿಸಬಾರದು

ಸಂದರ್ಶನ ಕೊಟ್ಟವರ ಹೆಸರು, ಮೊಬೈಲ್ ಸಂಖ್ಯೆ, ಜಾತಿ, ಸಾಲದ ಮೊತ್ತ ಒಟ್ಟಿಗೇ ಕಾಣುವ ಮೂಲ ಕೋಷ್ಟಕವನ್ನು ಪರದೆಯ ಮೇಲೆ ತೆರೆಯಲೇಬಾರದು. ‘ಮಾಹಿತಿದಾರ 7, ದೇವದುರ್ಗ ತಾಲ್ಲೂಕು’ ಎಂದರೆ ಸಾಕು. ಚಿಕ್ಕ ಊರುಗಳಲ್ಲಿ ವಯಸ್ಸು ಮತ್ತು ಕಸುಬು ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ, ಅದನ್ನೂ ಯೋಚಿಸಿ. ಫೋಟೊಗೆ ಒಪ್ಪಿಗೆ ಕೇಳಿದ್ದೀರಾ ಎಂದು ಸಮಿತಿ ಕೇಳಬಹುದು, ಕೇಳಬೇಕು.

ಪುರಾತತ್ವದವರು ಇನ್ನೂ ಎಚ್ಚರದಿಂದಿರಬೇಕು. ಹಿರೇಬೆಣಕಲ್ಲಿನ ಶಿಲಾಗೋರಿಗಳು ಎಲ್ಲರಿಗೂ ಗೊತ್ತು. ಆದರೆ ಯಾವ ಸಂರಕ್ಷಣೆಯೂ ಇಲ್ಲದ ನೆಲೆಗಳು ಈ ಬೆಟ್ಟಗಳಲ್ಲಿ ಇನ್ನೂ ಇವೆ. ಅವುಗಳ ನಿಖರ ಅಕ್ಷಾಂಶ ರೇಖಾಂಶಗಳನ್ನು ಪರದೆಯ ಮೇಲೆ ಹಾಕಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ. ಸಮಿತಿಗೆ ಮುದ್ರಿತ ಪ್ರತಿಯಲ್ಲಿ ಕೊಡಿ.

ಭಾಷೆ ಮತ್ತು ತಾಲೀಮು

ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪದ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿಜ್ಞಾನ ವಿದ್ಯಾರ್ಥಿಗಳು ಇಂಗ್ಲಿಷ್ ಮಂಡನೆಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಮಧ್ಯದಲ್ಲಿ ಒಂದು ಪ್ರಶ್ನೆ ಬಂದರೆ ಎಳೆ ತಪ್ಪುತ್ತದೆ. ಇವರು ವಿಷಯ ಅರಿಯದವರಲ್ಲ. ಹೊಲದಲ್ಲಿ ನಿಂತು ಕೇಳಿದರೆ ಅರ್ಧ ಗಂಟೆ ವಿವರಿಸಬಲ್ಲರು. ಅಂಥವರಿಗೆ ನನ್ನ ಸಲಹೆ: ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ. ಪ್ರತಿ ಸ್ಲೈಡಿನ ಮೊದಲ ವಾಕ್ಯವನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ, ಉಳಿದದ್ದನ್ನು ಚಿತ್ರ ಅಥವಾ ಕೋಷ್ಟಕವನ್ನು ತೋರಿಸುತ್ತ ಹೇಳಿ. ಉತ್ತರ ಇಂಗ್ಲಿಷಿನಲ್ಲಿ ಬಾರದಿದ್ದರೆ ‘ಕನ್ನಡದಲ್ಲಿ ಹೇಳಬಹುದೇ?’ ಎಂದು ಧೈರ್ಯವಾಗಿ ಕೇಳಿ. ಮಾರ್ಗದರ್ಶಕರಿಗೂ ಒಂದು ಮಾತು: ಆ ಅನುಮತಿಯನ್ನು ವಿದ್ಯಾರ್ಥಿ ಕೇಳುವ ಮುನ್ನವೇ ಕೊಡಿ.

ತಾಲೀಮನ್ನು ಎರಡು ಬಾರಿಯಾದರೂ ಗಡಿಯಾರ ಇಟ್ಟುಕೊಂಡು ಮಾಡಿ, ಒಮ್ಮೆ ನಿಮ್ಮ ವಿಷಯ ತಿಳಿಯದ ಗೆಳೆಯರ ಮುಂದೆ. ಅವರಿಗೆ ಅರ್ಥವಾಗದ ಜಾಗದಲ್ಲಿ ಸಮಿತಿಗೂ ತೊಡಕಾಗುತ್ತದೆ.

ಪ್ರಶ್ನೆಗಳ ಹೊತ್ತು

ಕೈಯಲ್ಲಿ ಪೆನ್ನು, ಎದುರಿಗೆ ಹಾಳೆ ಇರಲಿ. ಪ್ರಶ್ನೆಯನ್ನು ಪೂರ್ತಿ ಕೇಳಿ, ಬರೆದುಕೊಂಡು, ನಂತರ ಉತ್ತರಿಸಿ. ಸಮಿತಿಯವರು ಪ್ರಶ್ನೆಯ ರೂಪದಲ್ಲಿ ಸಲಹೆ ಕೊಡುವುದೂ ಉಂಟು. ‘ಮಸ್ಕಿ ಶಾಸನದ ಸುತ್ತಲಿನ ನೆಲೆಗಳನ್ನೂ ನೋಡಬಹುದಿತ್ತಲ್ಲ?’ ಎಂಬುದಕ್ಕೆ ಸಮರ್ಥನೆ ಬೇಕಿಲ್ಲ. ನೋಡುವುದು ನಿಮ್ಮ ವ್ಯಾಪ್ತಿಗೆ ಬರುತ್ತದೆಯೇ ಎಂದು ಹೇಳಿದರೆ ಸಾಕು. ದತ್ತಾಂಶ ಕೈಯಲ್ಲಿಲ್ಲದಿದ್ದರೆ ‘ಆ ಲೆಕ್ಕ ಇನ್ನೂ ಮಾಡಿಲ್ಲ, ಮುಂದಿನ ವರದಿಯಲ್ಲಿ ಸೇರಿಸುತ್ತೇನೆ’ ಎನ್ನಿ. ನಿಂತಲ್ಲೇ ಒಂದು ಅಂಕಿ ಹೇಳಿಬಿಟ್ಟರೆ ಅದು ನಡಾವಳಿಯಲ್ಲಿ ಉಳಿದುಬಿಡುತ್ತದೆ.

ಇತರರ ಬರಹದ ಬಳಕೆಯ ಬಗ್ಗೆಯೂ ಪ್ರಶ್ನೆ ಬರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆ ಇಲ್ಲ. ಮಹಾಪ್ರಬಂಧ ಕೊನೆಗೆ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರಕ್ಕೆ ಸೇರಿ ಎಲ್ಲರಿಗೂ ಓದಲು ಸಿಗುತ್ತದೆ. ಅಧ್ಯಾಯಗಳ ಕರಡು ಸಿದ್ಧವಾದಂತೆಲ್ಲ ಪರೀಕ್ಷಿಸಿಕೊಳ್ಳುತ್ತ ಬನ್ನಿ, ಕೊನೆಗೆ ಬಿಡಬೇಡಿ.

ಸಭೆ ಮುಗಿದ ದಿನವೇ

ಸಂಜೆಯೊಳಗೆ ಬರೆದುಕೊಂಡ ಟಿಪ್ಪಣಿಯನ್ನು ತಿದ್ದಿ ಒಂದು ಪುಟ ಮಾಡಿ: ಯಾರು ಯಾವ ಸಲಹೆ ಕೊಟ್ಟರು, ಯಾವುದನ್ನು ಒಪ್ಪಿದಿರಿ, ಯಾವುದಕ್ಕೆ ಸಮಯ ಕೇಳಿದಿರಿ. ಅದನ್ನು ಮಾರ್ಗದರ್ಶಕರಿಗೆ ಇಮೇಲ್ ಮಾಡಿ. ಇಬ್ಬರು ಸದಸ್ಯರು ಒಂದಕ್ಕೊಂದು ವಿರುದ್ಧವಾದ ಸಲಹೆ ಕೊಟ್ಟಿರುವುದು ಈ ಪುಟ ಬರೆಯುವಾಗಲೇ ಗೊತ್ತಾಗುತ್ತದೆ. ಒಬ್ಬರು ಮಾದರಿ ಹೆಚ್ಚಿಸಿ ಎಂದಿರುತ್ತಾರೆ, ಇನ್ನೊಬ್ಬರು ಹಳ್ಳಿಗಳನ್ನು ಕಡಿಮೆ ಮಾಡಿ ಆಳವಾಗಿ ನೋಡಿ ಎಂದಿರುತ್ತಾರೆ. ಎರಡೂ ಹಾಗೆಯೇ ನಡಾವಳಿಗೆ ಹೋದರೆ ಮುಂದಿನ ಸೆಮಿನಾರಿನಲ್ಲಿ ಯಾವುದನ್ನು ಮಾಡಿದರೂ ಒಬ್ಬರ ಮಾತು ಮೀರಿದಂತಾಗುತ್ತದೆ. ಆದ್ದರಿಂದ ನಡಾವಳಿಗೆ ಸಹಿ ಬೀಳುವ ಮುನ್ನ ಮಾರ್ಗದರ್ಶಕರ ಮೂಲಕ ಇಬ್ಬರ ಬಳಿಯೂ ಮಾತನಾಡಿಸಿ, ಒಂದೇ ತೀರ್ಮಾನ ಬರೆಯುವಂತೆ ನೋಡಿಕೊಳ್ಳಿ. ಆ ತೀರ್ಮಾನವನ್ನು ಮುಂದಿನ ಸಭೆಯ ಕೋಷ್ಟಕದ ಮೊದಲ ಅಂಕಣದಲ್ಲಿ ಅಂದೇ ತುಂಬಿಸಿಡಿ.